ಗೌರವ ಪದವಿ ಮತ್ತು ಅಭಿಮಾನಿಗಳ ಲೆಕ್ಕ

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಸಿಟಿ ಫುಟ್‌ಬಾಲ್ ಕ್ಲಬ್ 1993ರಲ್ಲಿ ಆರ್ಥಿಕ ಸಂಕಷ್ಟದಲ್ಲಿದ್ದಾಗ 23 ವರ್ಷದ ಕ್ಯಾರನ್ ಬ್ರೇಡಿ ಅದರ ವ್ಯವಸ್ಥಾಪಕ ನಿರ್ದೇಶಕಿಯಾದರು. 1997ರಲ್ಲಿ ಕ್ಲಬ್ಬಿನ ಷೇರುಗಳು ಮಾರುಕಟ್ಟೆಗೆ ಬಂದವು. ಉದ್ಯಮಶೀಲತೆಗೂ ಉದ್ಯಮರಂಗದ ಮಹಿಳೆಯರಿಗೂ ಸಲ್ಲಿಸಿದ ಸೇವೆಗಾಗಿ 2014ರಲ್ಲಿ ಅವರಿಗೆ ಸಿಬಿಇ ಗೌರವ ಸಂದಿತು. ಆಗ ಅವರು ವೆಸ್ಟ್ ಹ್ಯಾಮ್ ಯುನೈಟೆಡ್‌ನ ಉಪಾಧ್ಯಕ್ಷೆಯಾಗಿದ್ದರು.

2016ರಲ್ಲಿ ಆ ಕ್ಲಬ್ 112 ವರ್ಷಗಳ ನೆಲೆಯಾಗಿದ್ದ ಅಪ್ಟನ್ ಪಾರ್ಕನ್ನು ತೊರೆದು, ಒಲಿಂಪಿಕ್ ಕ್ರೀಡಾಂಗಣವನ್ನು 99 ವರ್ಷಗಳ ಗುತ್ತಿಗೆಗೆ ಪಡೆಯಿತು. ಆರಂಭದ ವಾರ್ಷಿಕ ಬಾಡಿಗೆ ಸುಮಾರು 25 ಲಕ್ಷ ಪೌಂಡ್. ಲೆಕ್ಕಪತ್ರದಲ್ಲಿ ಇದು ಲಾಭದ ಒಪ್ಪಂದವೇ ಸರಿ. ಆದರೆ ಆಟದಿಂದ ದೂರವಾದ ಆಸನಗಳಲ್ಲಿ ಕುಳಿತ ಅಭಿಮಾನಿಗಳಲ್ಲಿ ಅನೇಕರು ಮನೆ ಕಳೆದುಕೊಂಡಂತೆ ನೊಂದರು. 2018ರ ಮಾರ್ಚ್‌ನಲ್ಲಿ ಬರ್ನ್‌ಲಿ ವಿರುದ್ಧದ ಪಂದ್ಯದ ನಡುವೆಯೇ ಕೆಲವರು ಮೈದಾನಕ್ಕಿಳಿದು ಪ್ರತಿಭಟಿಸಿದರು.

ಗಿರಾಕಿಯ ವಿಶ್ವಾಸ ಆಸ್ತಿ-ಹೊಣೆ ಪಟ್ಟಿಯಲ್ಲಿ ಕಾಣಸಿಗದು. ಅದರ ಸವಕಳಿಯನ್ನು ವರ್ಷವರ್ಷವೂ ಗಮನಿಸುವುದು ವರ್ತಕನ ಹೊಣೆ.