ಹಸುಗೂಸಿನ ಶಾಲಾಯಾತ್ರೆ

ಶಾಲೆಯ ಗಂಟೆ ಬಾರಿಸುವುದಕ್ಕೆ ಸ್ವಲ್ಪ ಮೊದಲು ಹೊಸಪೇಟೆಯ ಯಾವುದಾದರೊಂದು ಬೀದಿಯ ಮೂಲೆಯಲ್ಲಿ ಕಾಲು ಗಂಟೆ ನಿಂತರೆ ಸಾಕು, ನಾವು ಹೇಳಹೊರಟಿರುವ ದೃಶ್ಯ ಕಣ್ಣಿಗೆ ಬೀಳುತ್ತದೆ. ಸ್ಕೂಟರಿನ ಮುಂಭಾಗದಲ್ಲಿ ಪುಸ್ತಕದ ಚೀಲ ಹೊತ್ತ ಹುಡುಗ ನಿಂತಿರುತ್ತಾನೆ. ತಂದೆ ಗಾಡಿ ನಡೆಸುತ್ತಿರುತ್ತಾನೆ. ಹಿಂದೆ ಕುಳಿತ ತಾಯಿಯ ಮಡಿಲಲ್ಲಿ, ಕುಂಚಿಗೆಯೊಳಗೆ, ಹುಟ್ಟಿ ಇನ್ನೂ ಎರಡು ತಿಂಗಳು ತುಂಬದ ಕೂಸು. ಶಾಲೆಗೆ ಹೋಗಬೇಕಾದವನು ಹುಡುಗನೊಬ್ಬನೇ. ಆದರೆ ತಾಯಿತಂದೆಗಳಿಬ್ಬರೂ ಅಲ್ಲಿಂದ ಹಾಗೆಯೇ ಬೇರೆ ಕೆಲಸಕ್ಕೆ ಹೋಗಬೇಕು, ಮನೆಯಲ್ಲಿ ಕೂಸನ್ನು ನೋಡಿಕೊಳ್ಳಲು ಮತ್ತೊಬ್ಬರಿಲ್ಲ. ಆದ್ದರಿಂದ ಕೂಸೂ ಹೊರಟಿದೆ.

ಈ ಯಾತ್ರೆ ಊರಿನಿಂದ ಊರಿಗೆ ರೂಪವನ್ನು ಬದಲಿಸುತ್ತದೆ. ಸಂಡೂರಿನ ಕಡೆ ಅದು ಅದಿರಿನ ಲಾರಿಗಳು ಓಡಾಡುವ ಕೆಂಪು ದಾರಿ. ಕಂಪ್ಲಿಯ ಸುತ್ತ ಗದ್ದೆಬಯಲಿನ ಹಳ್ಳಿಗಳಿಂದ ಬರುವ ಆಟೋರಿಕ್ಷಾ. ಹಂಪಿಯಲ್ಲಿ ಕಾದ ಕಲ್ಲುಗುಡ್ಡಗಳ ನಡುವೆ ಕಮಲಾಪುರದ ಕಡೆಗೆ ಹೋಗುವ ರಸ್ತೆ. ಎಲ್ಲ ಕಡೆಯೂ ಪ್ರಶ್ನೆ ಒಂದೇ: ದೊಡ್ಡವರಿಗೆ ಗಮನಕ್ಕೂ ಬಾರದ ಈ ಅರ್ಧ ಗಂಟೆಯ ಪಯಣ ಕೂಸಿನ ದೇಹಕ್ಕೆ ಎಂತಹುದು? ಉತ್ತರಕ್ಕೆ ವೈದ್ಯಗ್ರಂಥಗಳನ್ನು ತೆರೆಯುವುದಕ್ಕೆ ಮೊದಲು ನಮ್ಮ ವಾಚಕರು ತರಗತಿಯಲ್ಲಿ ಕಲಿತ ಗಣಿತವನ್ನೂ ಭೌತಶಾಸ್ತ್ರವನ್ನೂ ನೆನಪಿಗೆ ತಂದುಕೊಳ್ಳಲಿ.

ಚಿಕ್ಕ ದೇಹ, ದೊಡ್ಡ ಚರ್ಮ

ಒಂದು ಸೆಂಟಿಮೀಟರು ಬದಿಯ ಘನವೊಂದನ್ನೂ ಎರಡು ಸೆಂಟಿಮೀಟರು ಬದಿಯ ಘನವೊಂದನ್ನೂ ತೆಗೆದುಕೊಳ್ಳೋಣ. ಮೊದಲನೆಯದರ ಗಾತ್ರ ೧, ಮೇಲ್ಮೈ ೬. ಎರಡನೆಯದರ ಗಾತ್ರ ೮, ಮೇಲ್ಮೈ ೨೪. ಎಂದರೆ ಗಾತ್ರಕ್ಕೆ ಹೋಲಿಸಿದರೆ ಚಿಕ್ಕ ಘನದ ಮೇಲ್ಮೈ ದೊಡ್ಡದರ ಎರಡರಷ್ಟಾಯಿತು. ಪ್ರಾಣಿಗಳ ದೇಹಕ್ಕೂ ಇದೇ ನಿಯಮ. ೩ ಕಿಲೋಗ್ರಾಂ ತೂಗುವ ಕೂಸಿನ ಚರ್ಮದ ವಿಸ್ತಾರ ಸುಮಾರು ೨,೦೦೦ ಚದರ ಸೆಂಟಿಮೀಟರು; ೬೦ ಕಿಲೋಗ್ರಾಂ ತೂಗುವ ವಯಸ್ಕರದು ಸುಮಾರು ೧೬,೫೦೦. ಭಾಗಿಸಿ ನೋಡಿದರೆ ಪ್ರತಿ ಕಿಲೋಗ್ರಾಮಿಗೆ ಕೂಸಿಗಿರುವ ಚರ್ಮವು ದೊಡ್ಡವರದಕ್ಕಿಂತ ಎರಡೂವರೆ ಪಟ್ಟಿನ ಹತ್ತಿರ ಬರುತ್ತದೆ. ಚರ್ಮವೇ ಶಾಖದ ಹೆಬ್ಬಾಗಿಲು. ಹೊರಗೆ ತಂಪಿದ್ದರೆ ಆ ಬಾಗಿಲಿನಿಂದ ಶಾಖ ಬೇಗನೆ ಹೊರಹೋಗುತ್ತದೆ. ಹೊರಗಿನ ಗಾಳಿ ದೇಹಕ್ಕಿಂತ ಬಿಸಿಯಾಗಿದ್ದರೆ ಅಷ್ಟೇ ಬೇಗನೆ ಒಳಬರುತ್ತದೆ.

ನಮಗೆ ಚಳಿಯಾದರೆ ನಡುಗುತ್ತೇವೆ. ಸೆಕೆಯಾದರೆ ಧಾರಾಳವಾಗಿ ಬೆವರುತ್ತೇವೆ. ಹಸುಗೂಸಿಗೆ ನಡುಗಲು ಬಾರದು. ಅದಕ್ಕೆ ಬದಲಾಗಿ ಅದರ ಹೆಗಲುಗಳ ನಡುವೆಯೂ ಕತ್ತಿನ ಸುತ್ತಲೂ ಕಂದುಬಣ್ಣದ ಒಂದು ವಿಶೇಷ ಕೊಬ್ಬಿರುತ್ತದೆ. ಚಳಿಯಲ್ಲಿ ಅದು ಉರಿದು ಮೈಯನ್ನು ಬೆಚ್ಚಗಿಡುತ್ತದೆ. ಸೆಕೆಗೆ ಇಂತಹ ಸಾಧನವಿಲ್ಲ. ಬೆವರಿನ ಗ್ರಂಥಿಗಳಿದ್ದರೂ ಅವು ಇನ್ನೂ ಚೆನ್ನಾಗಿ ಕೆಲಸ ಮಾಡಲಾರವು.

ಈಗ ಹಂಪಿಯ ಮಧ್ಯಾಹ್ನವನ್ನು ನೆನೆಯೋಣ. ಏಪ್ರಿಲ್ ಮೇ ತಿಂಗಳುಗಳಲ್ಲಿ ಈ ಸೀಮೆಯ ಉಷ್ಣಮಾನ ೪೦ ಡಿಗ್ರಿ ಸೆಲ್ಸಿಯಸಿನ ಸಮೀಪಕ್ಕೆ ಏರುತ್ತದೆ. ಆಗ ಶಾಲೆಗೆ ರಜೆಯುಂಟು. ಆದರೆ ಮಾರ್ಚಿಯಲ್ಲಿ ರಜೆಯಿಲ್ಲ, ಬಿಸಿಲಿಗೂ ರಜೆಯಿಲ್ಲ. ಬೆಳಗಿನಿಂದ ಬಿಸಿಲು ಕುಡಿದ ಬಂಡೆಗಳು ಸಂಜೆಯವರೆಗೂ ಆ ಶಾಖವನ್ನು ಸೂಸುತ್ತಿರುತ್ತವೆ. ಆದ್ದರಿಂದ ಹುಡುಗನನ್ನು ಬೆಳಗ್ಗೆ ಶಾಲೆಗೆ ಬಿಡುವುದಕ್ಕಿಂತ ಮಧ್ಯಾಹ್ನ ಕರೆತರುವ ಪಯಣವೇ ಕೂಸಿಗೆ ಹೆಚ್ಚು ಕಠಿನ. ಕೂಸಿನ ಸಹಜ ಉಷ್ಣತೆ ೩೬.೫ರಿಂದ ೩೭.೫ ಡಿಗ್ರಿ. ಅಂಗೈ ಅಂಗಾಲುಗಳು ತಣ್ಣಗಿವೆಯೆಂದು ಮೇಲೊಂದು ಕುಂಚಿಗೆ ಹೊದಿಸುವುದು ರೂಢಿ. ಆದರೆ ಕೈಕಾಲುಗಳು ತಪ್ಪು ಸಾಕ್ಷಿ ಹೇಳುತ್ತವೆ. ಎದೆಯನ್ನೋ ಕತ್ತಿನ ಹಿಂಭಾಗವನ್ನೋ ಮುಟ್ಟಿ ನೋಡಬೇಕು. ಅಲ್ಲಿ ಬೆವರಿದ್ದರೆ ಒಂದು ಹೊದಿಕೆ ಕಡಮೆಯಾಗಬೇಕು. ಮೂರು ತಿಂಗಳು ತುಂಬದ ಕೂಸಿನ ಉಷ್ಣತೆ ೩೮ ಡಿಗ್ರಿಗೇರಿದರೆ ತಡಮಾಡದೆ ವೈದ್ಯರ ಬಳಿಗೆ ಒಯ್ಯಬೇಕು.

ಸೆಕೆಯೆಂದು ನೀರು ಕುಡಿಸಬೇಕೆ? ಬೇಡ. ತಾಯಿಯ ಹಾಲಿನಲ್ಲಿ ನೂರಕ್ಕೆ ಎಂಬತ್ತೇಳರಷ್ಟು ನೀರೇ ಇರುತ್ತದೆ. ಮೊದಲ ಆರು ತಿಂಗಳು, ಬಿಸಿಲುನಾಡಿನಲ್ಲಿಯೂ, ಎದೆಹಾಲೊಂದೇ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಕಾರಿರುವವರಿಗೆ ಇನ್ನೊಂದು ಎಚ್ಚರಿಕೆ. ಕಿಟಕಿ ಮುಚ್ಚಿ ಬಿಸಿಲಿನಲ್ಲಿ ನಿಂತ ಕಾರಿನ ಒಳಗಿನ ಉಷ್ಣಮಾನವು ಒಂದು ಗಂಟೆಯಲ್ಲಿ ಸುಮಾರು ೨೨ ಡಿಗ್ರಿ ಏರುತ್ತದೆಂದೂ, ಆ ಏರಿಕೆಯ ಬಹುಭಾಗ ಮೊದಲ ಅರ್ಧ ಗಂಟೆಯಲ್ಲಿಯೇ ಆಗಿಹೋಗುತ್ತದೆಂದೂ ಅಮೆರಿಕದಲ್ಲಿ ೨೦೦೫ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿತು. ಹುಡುಗನನ್ನು ತರಗತಿಗೆ ಬಿಟ್ಟುಬರುವ ಐದು ನಿಮಿಷಕ್ಕೂ ಕೂಸನ್ನು ಕಾರಿನಲ್ಲಿ ಬಿಡಲಾಗದು.

ತಲೆಯ ಭಾರ, ವೇಗದ ಬೆಲೆ

ವಯಸ್ಕರ ಎತ್ತರದಲ್ಲಿ ತಲೆಯ ಪಾಲು ಸುಮಾರು ಎಂಟರಲ್ಲಿ ಒಂದು. ಹಸುಗೂಸಿನಲ್ಲಿ ನಾಲ್ಕರಲ್ಲಿ ಒಂದು. ಇಷ್ಟು ದೊಡ್ಡ ತಲೆಯನ್ನು ಹೊರುವ ಕತ್ತಿನ ಸ್ನಾಯುಗಳಾದರೋ ಇನ್ನೂ ಎಳೆಯವು. ಕತ್ತು ನಿಲ್ಲುವುದಕ್ಕೆ ಮೂರು ನಾಲ್ಕು ತಿಂಗಳಾದರೂ ಬೇಕು.

ಸ್ಕೂಟರು ಗಂಟೆಗೆ ೩೦ ಕಿಲೋಮೀಟರು ವೇಗದಲ್ಲಿ ಹೋಗುತ್ತಿದೆಯೆನ್ನೋಣ. ಎಂದರೆ ಸೆಕೆಂಡಿಗೆ ೮.೩ ಮೀಟರು. ಎದುರಿಗೆ ಏನಾದರೂ ಬಡಿದು ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ಅದು ನಿಂತುಬಿಟ್ಟರೆ ವೇಗದ ಇಳಿತವು ಸೆಕೆಂಡಿಗೆ ಸೆಕೆಂಡಿಗೆ ೮೩ ಮೀಟರು. ೪ ಕಿಲೋಗ್ರಾಮಿನ ಕೂಸನ್ನು ಆ ಕ್ಷಣ ತಡೆದು ಹಿಡಿಯಲು ೩೪ ಕಿಲೋಗ್ರಾಂ ಭಾರವನ್ನು ಎತ್ತುವಷ್ಟು ಬಲ ಬೇಕು. ಅದೂ ಮುನ್ಸೂಚನೆಯಿಲ್ಲದೆ. ತಾಯಿಯ ಪ್ರೀತಿ ಎಷ್ಟು ದೊಡ್ಡದಾದರೂ ತೋಳಿನ ಬಲಕ್ಕೆ ಮಿತಿಯುಂಟು.

ನಾಲ್ಕು ವರ್ಷದೊಳಗಿನ ಮಕ್ಕಳನ್ನು ದ್ವಿಚಕ್ರವಾಹನದಲ್ಲಿ ಕರೆದೊಯ್ಯುವಾಗ ಸುರಕ್ಷಾಪಟ್ಟಿಯಿಂದ ಸವಾರನಿಗೆ ಬಿಗಿಯಬೇಕು, ವೇಗ ೪೦ ಕಿಲೋಮೀಟರನ್ನು ಮೀರಬಾರದು ಎಂಬ ಕೇಂದ್ರ ಸರ್ಕಾರದ ನಿಯಮ ೨೦೨೩ರ ಫೆಬ್ರವರಿಯಲ್ಲಿ ಜಾರಿಗೆ ಬಂದಿತು. ಶಿರಸ್ತ್ರಾಣವನ್ನು ಅದು ಒಂಬತ್ತು ತಿಂಗಳು ತುಂಬಿದ ಮಕ್ಕಳಿಗೆ ಮಾತ್ರ ವಿಧಿಸುತ್ತದೆ. ಅದಕ್ಕಿಂತ ಎಳೆಯ ಕೂಸಿನ ತಲೆಯನ್ನು ಕಾಯುವ ಸಾಧನ ಸ್ಕೂಟರಿನ ಮೇಲೆ ಇಲ್ಲವೆಂದ ಮೇಲೆ ಅದು ಕೂಸಿನ ವಾಹನವೇ ಅಲ್ಲ.

ನಾಲ್ಕನೆಯ ಘಾತದ ಕಥೆ

ಸಂಡೂರಿನ ದಾರಿಯ ಕೆಂಪು ಧೂಳು ಬಟ್ಟೆಗೆ ಹತ್ತಿದರೆ ತೊಳೆಯಬಹುದು. ಆದರೆ ಮಿಲಿಮೀಟರಿನ ನೂರನೆಯ ಒಂದು ಭಾಗಕ್ಕಿಂತ ಸಣ್ಣ ಕಣಗಳು ಮೂಗನ್ನು ದಾಟಿ ಒಳಕ್ಕಿಳಿಯುತ್ತವೆ. ಹಸುಗೂಸು ನಿಮಿಷಕ್ಕೆ ಮೂವತ್ತರಿಂದ ಅರವತ್ತು ಸಲ ಉಸಿರಾಡುತ್ತದೆ. ಆದುದರಿಂದ ತೂಕಕ್ಕೆ ಹೋಲಿಸಿದರೆ ನಮಗಿಂತ ಹೆಚ್ಚು ಗಾಳಿಯನ್ನೂ ಹೆಚ್ಚು ಧೂಳನ್ನೂ ಸೇವಿಸುತ್ತದೆ.

ಅದರ ಉಸಿರ್ನಾಳದ ಅಗಲ ಸುಮಾರು ೪ ಮಿಲಿಮೀಟರು. ನಳಿಗೆಯಲ್ಲಿ ಸರಾಗವಾಗಿ ಹರಿಯುವ ದ್ರವಕ್ಕಾಗಲಿ ಗಾಳಿಗಾಗಲಿ ಎದುರಾಗುವ ತಡೆಯು ಅದರ ತ್ರಿಜ್ಯದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿರುತ್ತದೆ. ಒಳಗೋಡೆ ಒಂದೇ ಮಿಲಿಮೀಟರು ಊದಿಕೊಂಡಿತೆನ್ನೋಣ. ೧೬ ಮಿಲಿಮೀಟರು ಅಗಲವಿರುವ ದೊಡ್ಡವರ ನಾಳ ೧೪ಕ್ಕಿಳಿಯುತ್ತದೆ. ತಡೆ ಎರಡು ಪಟ್ಟೂ ಆಗುವುದಿಲ್ಲ. ಕೂಸಿನ ನಾಳ ನಾಲ್ಕರಿಂದ ಎರಡಕ್ಕಿಳಿದು ತಡೆ ಹದಿನಾರು ಪಟ್ಟಾಗುತ್ತದೆ. ನಮಗೆ ಬರಿಯ ನೆಗಡಿಯಾದದ್ದು ಕೂಸಿಗೆ ಉಬ್ಬಸವಾಗುವುದು ಹೀಗೆ. ಕೂಸಿನ ಗದ್ದ ಎದೆಗೆ ಒತ್ತಿದರೂ ಈ ಎಳೆಯ ನಾಳ ಮಡಿಚಿಕೊಳ್ಳುತ್ತದೆ. ಎತ್ತಿಕೊಂಡಿರುವಾಗ ಗದ್ದದ ಕೆಳಗೆ ಎರಡು ಬೆರಳಿನಷ್ಟು ಜಾಗವಿರಬೇಕು. ಮೂಗುಬಾಯಿಗಳನ್ನು ಬಟ್ಟೆ ಮುಚ್ಚಬಾರದು.

ಕೋತಿಮರಿಯ ಪಾಠ

ಹಾಗಾದರೆ ಕೂಸಿಗೆ ಒಪ್ಪುವ ವಾಹನ ಯಾವುದು? ಹಂಪಿಯ ಬಂಡೆಯಿಂದ ಬಂಡೆಗೆ ಹಾರುವ ಮುಸುವ ತಾಯಿಯನ್ನು ನೋಡದವರಾರು? ಮರಿ ಅವಳ ಹೊಟ್ಟೆಯ ಕೂದಲನ್ನು ಹಿಡಿದು ಅಂಟಿಕೊಂಡಿರುತ್ತದೆ. ನಮ್ಮ ಕೂಸಿನ ಅಂಗೈಗೆ ಬೆರಳಿಟ್ಟರೆ ಅದು ಬಿಗಿಯಾಗಿ ಹಿಡಿಯುತ್ತದಲ್ಲವೆ? ತಲೆ ತಟ್ಟನೆ ಹಿಂದಕ್ಕೆ ಜಾರಿದರೆ ಎರಡು ತೋಳುಗಳನ್ನೂ ಚಾಚಿ ಅಪ್ಪಿಕೊಳ್ಳುವಂತೆ ಮಾಡುತ್ತದೆ. ಎರ್ನ್ಸ್ಟ್ ಮೋರೋ ಎಂಬ ವೈದ್ಯನು ೧೯೧೮ರಲ್ಲಿ ವರ್ಣಿಸಿದ ಪ್ರತಿಕ್ರಿಯೆ ಇದು. ಇವೆರಡೂ ನಮ್ಮ ಪೂರ್ವಜರು ತಾಯಿಯ ಮೈಗೆ ಅಂಟಿಕೊಂಡು ಸಾಗುತ್ತಿದ್ದ ಕಾಲದ ಕುರುಹುಗಳೆಂದು ಜೀವವಿಜ್ಞಾನಿಗಳು ಊಹಿಸುತ್ತಾರೆ.

ಜಪಾನಿನ ರಿಕೆನ್ ಸಂಸ್ಥೆಯ ವಿಜ್ಞಾನಿಗಳು ೨೦೧೩ರಲ್ಲಿ ಇನ್ನೊಂದು ಸಂಗತಿಯನ್ನು ತೋರಿಸಿದರು. ತಾಯಿ ಕೂಸನ್ನು ಎತ್ತಿಕೊಂಡು ಸುಮ್ಮನೆ ಕುಳಿತಾಗಿಗಿಂತ ನಡೆದಾಡಿದಾಗ ಅಳು ಬೇಗ ನಿಲ್ಲುತ್ತದೆ. ಹೃದಯದ ಬಡಿತವೂ ಕೂಡಲೆ ನಿಧಾನವಾಗುತ್ತದೆ. ೨೦೨೨ರಲ್ಲಿ ಅವರೇ ಇನ್ನೂ ಮುಂದೆ ಹೋದರು: ಅಳುವ ಕೂಸನ್ನು ಐದು ನಿಮಿಷ ಎತ್ತಿಕೊಂಡು ನಡೆದು, ನಿದ್ದೆ ಬಂದ ಮೇಲೆ ಐದರಿಂದ ಎಂಟು ನಿಮಿಷ ಹಾಗೆಯೇ ಕುಳಿತು, ಆಮೇಲೆ ಮಲಗಿಸಿದರೆ ಎಚ್ಚರಗೊಳ್ಳುವ ಸಂಭವ ಕಡಮೆ.

ಹಂಪಿಯಿಂದ ಹೊಳೆ ದಾಟಿದರೆ ಕೊಪ್ಪಳ ಜಿಲ್ಲೆ. ಕಡಮೆ ತೂಕದ ಕೂಸುಗಳನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಇರಿಸುವ ‘ಕಾಂಗರೂ ಆರೈಕೆ’ ೧೯೭೮ರಲ್ಲಿ ಕೊಲಂಬಿಯ ದೇಶದ ಬೊಗೋಟಾದಲ್ಲಿ ಮೊದಲಾಯಿತು. ಅದನ್ನು ಜಿಲ್ಲೆಯುದ್ದಕ್ಕೂ ಹರಡುವ ಬಗೆಯನ್ನು ಅರಿಯಲು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ನಡೆದ ಅಧ್ಯಯನಕ್ಕೆ ಆರಿಸಿದ ಸ್ಥಳಗಳಲ್ಲಿ ಕೊಪ್ಪಳವೂ ಒಂದು. ತಾಯಿಯ ಎದೆ ಕೂಸಿಗೆ ತೊಟ್ಟಿಲೂ ಹೌದು, ಉಷ್ಣನಿಯಂತ್ರಕವೂ ಹೌದು. ಆದುದರಿಂದ ಶಾಲೆ ಹತ್ತಿರವಿದ್ದು, ಬಿಸಿಲು ಏರಿರದಿದ್ದರೆ, ತೆಳ್ಳನೆಯ ಹತ್ತಿಬಟ್ಟೆಯಲ್ಲಿ ಎದೆಗೊತ್ತಿಕೊಂಡು ನೆರಳಿನಲ್ಲಿ ನಡೆದುಹೋಗುವುದು ಎಲ್ಲ ವಾಹನಗಳಿಗಿಂತ ಮೇಲು.

ಯಾರು ಹೋಗಬೇಕು?

ಇಲ್ಲಿ ನಾವು ಮರೆತ ಇನ್ನೊಂದು ದೇಹವಿದೆ. ಹೆರಿಗೆಯಾದೊಡನೆ ಸುಮಾರು ಒಂದು ಕಿಲೋಗ್ರಾಂ ತೂಗುವ ಗರ್ಭಕೋಶವು ಮೊದಲಿನ ಗಾತ್ರಕ್ಕೆ ಮರಳಲು ಆರು ವಾರ ಬೇಕು. ಬಾಣಂತಿಗೆ ನಲವತ್ತು ದಿನದ ವಿಶ್ರಾಂತಿ ಕೊಡುವ ನಮ್ಮ ಹಿರಿಯರ ಲೆಕ್ಕ ಇದಕ್ಕೆ ಬಹಳ ಸಮೀಪವಾಗಿದೆ. ಅಜ್ಜಿ, ಅತ್ತೆ, ಚಿಕ್ಕಮ್ಮಂದಿರು ಒಂದೇ ಮನೆಯಲ್ಲಿದ್ದಾಗ ಆ ಲೆಕ್ಕ ನಡೆಯುತ್ತಿತ್ತು. ಗಣಿಯ ಕೆಲಸಕ್ಕೋ ಕಾರ್ಖಾನೆಯ ಕೆಲಸಕ್ಕೋ ಬಂದು ಒಂಟಿಯಾಗಿ ನೆಲೆಸಿದ ಸಂಸಾರದಲ್ಲಿ ಅದು ನಡೆಯುವುದು ಕಷ್ಟ.

ಕೂಸಿಗೆ ಎರಡು ಮೂರು ಗಂಟೆಗೊಮ್ಮೆ ಹಸಿವಾಗುತ್ತದೆ. ಶಾಲೆಯ ಗಂಟೆ ಅದಕ್ಕಾಗಿ ಕಾಯುವುದಿಲ್ಲ. ಈ ಎರಡು ಗಡಿಯಾರಗಳನ್ನು ಕೂಡಿಸುವುದು ಬಾಣಂತಿಯೊಬ್ಬಳ ಹೊಣೆಯಾಗಬಾರದು. ಒಂದೇ ಬೀದಿಯ ನಾಲ್ಕು ಮನೆಯವರು ಸರದಿಯಂತೆ ಮಕ್ಕಳನ್ನು ಶಾಲೆಗೆ ಮುಟ್ಟಿಸಿದರೆ ಮೂವರು ತಾಯಂದಿರಿಗೆ ಬಿಡುವಾಗುತ್ತದೆ. ತಂದೆಯೊಬ್ಬನೇ ಹುಡುಗನನ್ನು ಬಿಟ್ಟುಬಂದರೆ ಕೂಸು ಹೊರಗೆ ಬರಬೇಕಾಗಿಯೇ ಇಲ್ಲ.

ಇನ್ನು ಈ ಲೇಖನವನ್ನು ಓದುತ್ತಿರುವ ಪ್ರೌಢಶಾಲೆಯ, ಕಾಲೇಜಿನ ವಾಚಕರಿಗೆ ಒಂದು ಮಾತು. ನಿಮ್ಮ ಮನೆಯಲ್ಲಿಯೋ ಪಕ್ಕದ ಮನೆಯಲ್ಲಿಯೋ ಹಸುಗೂಸೊಂದು ಇರಬಹುದು. ಅದರ ಅಣ್ಣನೋ ಅಕ್ಕನೋ ನೀವು ಹೋಗುವ ದಾರಿಯಲ್ಲಿಯೇ ಇರುವ ಶಾಲೆಗೆ ಹೋಗುತ್ತಿರಬಹುದು. ನಾಳೆ ಬೆಳಗ್ಗೆ ಹತ್ತು ನಿಮಿಷ ಮುಂಚೆ ಹೊರಟು ಆ ಮಗುವಿನ ಕೈಹಿಡಿದು ನಡೆದರೆ ಮೇಲೆ ಮಾಡಿದ ಲೆಕ್ಕಗಳೆಲ್ಲ ಉಪಯೋಗಕ್ಕೆ ಬಂದಂತಾಗುತ್ತದೆ. ಅತ್ತ ಮನೆಯಲ್ಲಿ ಕೂಸು ನಿದ್ದೆ ಮಾಡುತ್ತಿರುತ್ತದೆ.