ಜರ್ಮನ್ ಲಡಾಯಿಗೆ ಹೋದವರ ಹೆಸರು ಎಲ್ಲಿ ಸಿಕ್ಕೀತು?

“ನಮ್ಮ ಮುತ್ಯಾನ ಅಪ್ಪ ಜರ್ಮನ್ ಲಡಾಯಿಗೆ ಹೋಗಿದ್ದ.” ವಿಜಯಪುರದ ಪೇಟೆಯಲ್ಲಾಗಲಿ, ತಿಕೋಟಾ, ಬಬಲೇಶ್ವರಗಳ ಓಣಿಗಳಲ್ಲಾಗಲಿ, ಇಂಥ ಒಂದು ಮಾತು ಉಳಿದುಬಂದಿರುವ ಮನೆ ನಿಮ್ಮದಾಗಿದ್ದರೆ ಈ ಲೇಖನ ನಿಮಗಾಗಿ. ಎಲ್ಲಿಗೆ ಹೋಗಿದ್ದ ಎಂದು ಕೇಳಿದರೆ ಒಬ್ಬರು ಫ್ರಾನ್ಸ್ ಎನ್ನುತ್ತಾರೆ, ಇನ್ನೊಬ್ಬರು ಬಸರಾ ಎನ್ನುತ್ತಾರೆ. ಯಾವ ಪಲ್ಟನು ಎಂದರೆ ಯಾರಿಗೂ ತಿಳಿಯದು. ಮಾತು ತಲೆಮಾರಿನಿಂದ ತಲೆಮಾರಿಗೆ ಸವೆಯುತ್ತ ಬಂದಿದೆ. ಅದು ಪೂರ್ತಿ ಅಳಿಯುವ ಮುಂಚೆ ಕಾಗದದ ಆಧಾರವನ್ನು ಹುಡುಕುವ ದಾರಿ ಯಾವುದು ಎಂಬುದನ್ನು ನೋಡೋಣ.

ಮೊದಲು ಸ್ವಲ್ಪ ಇತಿಹಾಸ. 1914ರ ಸೆಪ್ಟೆಂಬರ್ ಕೊನೆಯಲ್ಲಿ ಹಿಂದುಸ್ಥಾನದ ದಂಡು ಫ್ರಾನ್ಸಿನ ಮಾರ್ಸೇಲ್ಸ್ ಬಂದರಿನಲ್ಲಿ ಇಳಿಯಿತು. ಲಾಹೋರ್ ಮತ್ತು ಮೀರತ್ ಎಂಬ ಎರಡು ಡಿವಿಜನ್ನುಗಳ ಕಾಲಾಳುಗಳು ಬೆಲ್ಜಿಯಮ್ಮಿನ ಈಪ್ರ್ ಊರಿನ ಸುತ್ತ, ಫ್ರಾನ್ಸಿನ ನವ್ ಶಾಪೆಲ್ ಹಳ್ಳಿಯ ಬಳಿ ಹೋರಾಡಿದರು. 1915ರ ಕೊನೆಗೆ ಕಾಲಾಳು ಪಡೆಯನ್ನು ಬೇರೆ ರಣರಂಗಗಳಿಗೆ ಕಳುಹಿಸಲಾಯಿತು. ಕುದುರೆ ದಂಡು 1918ರವರೆಗೂ ಅಲ್ಲಿಯೇ ಉಳಿಯಿತು. ಯುದ್ಧಕಾಲದಲ್ಲಿ ಕೂಲಿ ಪಡೆಯವರೂ ಸೇರಿ ಸುಮಾರು 1,40,000 ಮಂದಿ ಭಾರತೀಯರು ಫ್ರಾನ್ಸ್, ಬೆಲ್ಜಿಯಮ್‌ಗಳಲ್ಲಿ ಸೇವೆ ಮಾಡಿದರು.

ಇಲ್ಲಿ ಹೊಸಬರು ಮೊದಲು ಎಡವುತ್ತಾರೆ. ಫ್ರಾನ್ಸಿನಲ್ಲಿ ಹೋರಾಡಿದವನ ದಾಖಲೆ ಫ್ರೆಂಚ್ ಸರಕಾರದ ಹತ್ತಿರ ಇದ್ದೀತೆಂದು ಬಗೆಯುವುದು ಸಹಜ. ಆದರೆ ಸಿಪಾಯಿಯ ಕಾಗದವನ್ನು ಇಟ್ಟದ್ದು ಅವನಿಗೆ ಪಗಾರ ಕೊಟ್ಟ ದಂಡು. ಅವನು ಕಾದಾಡಿದ ನೆಲದ ಸರಕಾರವಲ್ಲ. ವಿಜಾಪುರ ಜಿಲ್ಲೆ ಆಗ ಮುಂಬಯಿ ಪ್ರಾಂತದಲ್ಲಿತ್ತು. ಇಲ್ಲಿಂದ ಭರ್ತಿಯಾದವರು ಬ್ರಿಟಿಷ್ ಇಂಡಿಯಾದ ಸೈನಿಕರು. ಫ್ರೆಂಚ್ ದಫ್ತರದಲ್ಲಿ ಸಿಗುವವರು ಪಾಂಡಿಚೇರಿ, ಕಾರೈಕಲ್, ಮಾಹೆಗಳಿಂದ ಫ್ರೆಂಚ್ ಸೇನೆಗೆ ಸೇರಿದವರು. ಅಂಥವರಿಗೆ ಫ್ರಾನ್ಸಿನ ರಕ್ಷಣಾ ಇಲಾಖೆಯ ‘ಮೆಮ್ವಾರ್ ದೆ ಜೊಮ್’ ಎಂಬ ಅಂತರ್ಜಾಲ ತಾಣವುಂಟು. ‘ಫ್ರಾನ್ಸಿಗಾಗಿ ಮಡಿದವರು’ ಎಂದು ಗುರುತಿಸಲಾದ 13 ಲಕ್ಷಕ್ಕೂ ಹೆಚ್ಚು ಜನರ ಚೀಟಿಗಳು ಅಲ್ಲಿವೆ. ನಮ್ಮ ಕಡೆಯವರು ಬೇರೆ ದಾರಿ ಹಿಡಿಯಬೇಕು.

ಆ ದಾರಿ ಮನೆಯ ಟ್ರಂಕಿನಿಂದಲೇ ಪ್ರಾರಂಭವಾಗುತ್ತದೆ. ಹಳೆಯ ಬಿಲ್ಲೆ ಏನಾದರೂ ಇದೆಯೇ ನೋಡಿರಿ. ಕಂಚಿನ ನಕ್ಷತ್ರದ ಆಕಾರದ, ಅಡ್ಡ ಕತ್ತಿಗಳುಳ್ಳ ಪದಕವಿದ್ದರೆ ನಡುವಿನ ಪಟ್ಟಿಯನ್ನು ಓದಿರಿ. ಅಲ್ಲಿ ‘1914’ ಎಂದಷ್ಟೇ ಇದ್ದು, ಅದರ ಮೇಲೆ ಮತ್ತು ಕೆಳಗೆ ಆಗಸ್ಟ್, ನವೆಂಬರ್ ತಿಂಗಳುಗಳ ಗುರುತು ಇಂಗ್ಲಿಷ್ ಅಕ್ಷರಗಳಲ್ಲಿದ್ದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತು. 1914ರ ಆಗಸ್ಟ್ 5ರಿಂದ ನವೆಂಬರ್ 22ರ ನಡುರಾತ್ರಿಯೊಳಗೆ ಫ್ರಾನ್ಸ್ ಅಥವಾ ಬೆಲ್ಜಿಯಮ್ಮಿನಲ್ಲಿ ಸೇವೆ ಮಾಡಿದವರಿಗಾಗಿಯೇ ಆ ಪದಕ ಇತ್ತು. ಪಟ್ಟಿಯಲ್ಲಿ ‘1914-15’ ಎಂದಿದ್ದರೆ ಆತ ಯಾವ ರಣರಂಗದಲ್ಲಾದರೂ ಇದ್ದಿರಬಹುದು. ನಕ್ಷತ್ರದ ಬೆನ್ನಮೇಲೆ, ದುಂಡನೆಯ ಬೆಳ್ಳಿ ಪದಕದ ಅಂಚಿನಲ್ಲಿ ಸಣ್ಣ ಅಕ್ಷರಗಳಲ್ಲಿ ನಂಬರು, ದರ್ಜೆ, ಹೆಸರು, ಪಲ್ಟನು ಕೊರೆದಿರುತ್ತವೆ. ಉಜ್ಜಿ ತೊಳೆಯಬೇಡಿರಿ, ಅಕ್ಷರ ಸವೆದೀತು. ಬೆಳಕಿಗೆ ಓರೆಯಾಗಿ ಹಿಡಿದು ಕನ್ನಡಿ ಗಾಜಿನಿಂದ ಓದಿ ಬರೆದುಕೊಳ್ಳಿರಿ. ಬೆಳ್ಳಿಯ ಬೆಲೆಗೆ ಸರಾಫರ ಅಂಗಡಿಯಲ್ಲಿ ಕರಗಿಹೋದ ಪದಕದೊಂದಿಗೆ ಈ ವಿವರವೂ ಕರಗುತ್ತದೆ.

ಪಲ್ಟನಿನ ಹೆಸರು ಸಿಕ್ಕಿತೆಂದರೆ ಕಥೆಯ ದಿಕ್ಕು ಸ್ಪಷ್ಟವಾಗುತ್ತದೆ. ನಮ್ಮ ಭಾಗದವರು ಸೇರಿರಬಹುದಾದ ದಖ್ಖಣದ ಪಡೆಗಳಲ್ಲಿ ಫ್ರಾನ್ಸಿಗೆ ಹೋದವು ಕೆಲವೇ. ಖಡಕಿಯ ಮುಂಬಯಿ ಸ್ಯಾಪರ್ಸ್ ದಳದ 20 ಮತ್ತು 21ನೆಯ ಕಂಪನಿಗಳು 1914ರ ಅಕ್ಟೋಬರ್ 28ರಂದು ನವ್ ಶಾಪೆಲ್ ಹಳ್ಳಿಗೆ ನುಗ್ಗಿ ಭಾರಿ ನಷ್ಟ ಅನುಭವಿಸಿದವು. 107ನೆಯ ಪಯನೀರ್ಸ್ ಮೀರತ್ ಡಿವಿಜನ್ನಿನಲ್ಲಿತ್ತು. 20ನೆಯ ಡೆಕ್ಕನ್ ಹಾರ್ಸ್ 1916ರ ಜುಲೈ 14ರಂದು ಸೊಮ್ ರಣರಂಗದ ಹೈವುಡ್ ಬಳಿ ಕುದುರೆ ಏರಿ ದಾಳಿಯಿಟ್ಟಿತು. ಇದಕ್ಕೆ ಬದಲಾಗಿ ಪದಕದಮೇಲೆ 103, 110 ಅಥವಾ 117ನೆಯ ಮರಾಠಾ ಪಲ್ಟನು ಎಂದಿದ್ದರೆ ಫ್ರಾನ್ಸನ್ನು ಬಿಟ್ಟು ಮೆಸೊಪೊಟೇಮಿಯಾದ ಕಡೆಗೆ, ಅಂದರೆ ಇಂದಿನ ಇರಾಕಿನ ಕಡೆಗೆ ತಿರುಗಿರಿ. ಆ ಪಡೆಗಳು ಕೂತ್ ಪಟ್ಟಣದ ಮುತ್ತಿಗೆಗೆ ಸಿಕ್ಕಿ, 1916ರ ಏಪ್ರಿಲ್ 29ರಂದು ಶರಣಾದ ಸೈನ್ಯದಲ್ಲಿದ್ದವು. ಮನೆಯಲ್ಲಿ ಬಸರಾ ಎಂದವರ ಮಾತೇ ಸರಿಯಾಗಿದ್ದೀತು.

ಇನ್ನೊಂದು ಎಚ್ಚರಿಕೆ. 1922ರಲ್ಲಿ ಪಲ್ಟನುಗಳ ಸಂಖ್ಯೆಗಳೆಲ್ಲ ಬದಲಾದವು. ಯುದ್ಧಕಾಲದ 110ನೆಯದು ಆಮೇಲೆ ಐದನೆಯ ಮರಾಠಾ ರೆಜಿಮೆಂಟಿನ ಮೂರನೆಯ ಬೆಟಾಲಿಯನ್ ಆಯಿತು. ಹಳೆಯ ಸಂಖ್ಯೆಯನ್ನು ಇಂದಿನ ಪಟ್ಟಿಯಲ್ಲಿ ಕಾಣದೆ ನಿರಾಶರಾಗಬಾರದು.

ಹೋದವರು ಮರಳಿ ಬರಲಿಲ್ಲವಾದರೆ ಹುಡುಕಾಟ ಒಂದು ರೀತಿಯಲ್ಲಿ ಸುಲಭ. 1917ರಲ್ಲಿ ಸ್ಥಾಪನೆಯಾದ, ಈಗ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗವೆಂದು ಕರೆಯಲ್ಪಡುವ ಸಂಸ್ಥೆಯ ಪಟ್ಟಿಯನ್ನು ಮೊಬೈಲ್ ಫೋನಿನಲ್ಲಿಯೇ ಧರ್ಮಾರ್ಥ ನೋಡಬಹುದು. ಅನೇಕ ಭಾರತೀಯರ ಹೆಸರಿನ ಮುಂದೆ ತಂದೆಯ ಹೆಸರು, ಊರು, ಜಿಲ್ಲೆ ಕಾಣಿಸಿದೆ. ಫ್ರಾನ್ಸಿನಲ್ಲಿ ಸಮಾಧಿ ತಿಳಿಯದ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳು ನವ್ ಶಾಪೆಲ್ ಸ್ಮಾರಕದಲ್ಲಿವೆ. ಅದು 1927ರಲ್ಲಿ ತೆರೆಯಿತು. ಬೆಲ್ಜಿಯಮ್ಮಿನಲ್ಲಿ ಮಡಿದ ಹಲವರ ಹೆಸರುಗಳು ಈಪ್ರ್ ಊರಿನ ಮೆನಿನ್ ಗೇಟಿನ ಗೋಡೆಗಳಮೇಲಿವೆ. ಅದೇ ಊರಿನ ಯುದ್ಧ ವಸ್ತುಸಂಗ್ರಹಾಲಯವು ಬೆಲ್ಜಿಯಮ್ಮಿನಲ್ಲಿ ಸತ್ತ ಎಲ್ಲ ದೇಶದವರ ಹೆಸರುಗಳನ್ನು ಒಂದೇ ಪಟ್ಟಿಯಲ್ಲಿ ಸೇರಿಸುವ ಕಾರ್ಯ ಕೈಗೊಂಡಿದೆ, ಅದನ್ನೂ ನೋಡಬಹುದು.

ಹುಡುಕುವಾಗ ನಿಮ್ಮ ಮನೆಯ ಉಚ್ಚಾರವನ್ನು ನೆಚ್ಚಿ ಕೂಡಬೇಡಿರಿ. ಭರ್ತಿಯ ಕಾರಕೂನನ ಕಿವಿಗೆ ಕೇಳಿದಂತೆ ಇಂಗ್ಲಿಷಿನಲ್ಲಿ ಹೆಸರು ಇಳಿದಿದೆ. ಬಸಪ್ಪ ಬಸಾಪಾ ಆಗಿರಬಹುದು, ಶಿಂಧೆ ಸಿಂಡೇ ಆಗಿರಬಹುದು. ಅಡ್ಡಹೆಸರೇ ಇಲ್ಲದೆ ಬರಿಯ ತುಕಾರಾಮನಷ್ಟೇ ಉಳಿದಿರಲೂಬಹುದು. ಊರಿನ ಹೆಸರಿಗೂ ಇದೇ ಗತಿ. ಬಬಲೇಶ್ವರ ಆಗ ವಿಜಾಪುರ ತಾಲೂಕಿನ ಊರು. ಬಾಗಲಕೋಟೆ, ಬಾದಾಮಿ, ಹುನಗುಂದಗಳು ಕೂಡ ಅದೇ ಜಿಲ್ಲೆಯವು. ಆದ್ದರಿಂದ ‘ಬಿಜಾಪುರ’ ಎಂಬ ಒಂದು ಪದದ ಕೆಳಗೆ ಇಂದಿನ ಎರಡು ಜಿಲ್ಲೆಗಳ ಜನ ಇದ್ದಾರು. ಪಡುವಣದ ಅಥಣಿ ಬೆಳಗಾವಿ ಜಿಲ್ಲೆಗೆ ಸೇರಿತ್ತು, ಜತ್ತ ಬೇರೆಯೇ ಸಂಸ್ಥಾನವಾಗಿತ್ತು. ಬೀಗರ ಊರಿನಿಂದ ಭರ್ತಿಯಾಗಿದ್ದರೆ ಆ ಹೆಸರುಗಳನ್ನೂ ಪ್ರಯತ್ನಿಸಿ ನೋಡಬೇಕು.

ಬದುಕಿ ಬಂದವರ ಪತ್ತೆಗೆ ಹೆಚ್ಚು ತಾಳ್ಮೆ ಬೇಕು. ಪಂಜಾಬಿನ ಸುಮಾರು 3,20,000 ಸೈನಿಕರ ಹಳ್ಳಿವಾರು ಪಟ್ಟಿಗಳು ಲಾಹೋರಿನ ವಸ್ತುಸಂಗ್ರಹಾಲಯದಲ್ಲಿ ಉಳಿದುಕೊಂಡಿದ್ದು, 2021ರಿಂದ ಜನರ ಕೈಗೆ ಬರತೊಡಗಿದವು. ಅಂಥ ಭಾಗ್ಯ ನಮ್ಮದಾಗಿಲ್ಲ. ಆದರೂ ದಾರಿಗಳಿವೆ. ಪಲ್ಟನಿನ ಹೆಸರು ತಿಳಿದಿದ್ದರೆ, ಲಂಡನ್ನಿನ ಬಳಿಯ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ದಫ್ತರದಲ್ಲಿ ಆ ಪಲ್ಟನಿನ ಯುದ್ಧ ದಿನಚರಿ ದೊರೆಯುತ್ತದೆ. ಸಿಪಾಯಿಗಳ ಹೆಸರು ಅದರಲ್ಲಿ ವಿರಳ. ಆದರೆ ಯಾವ ದಿನ ಯಾವ ಕಂದಕದಲ್ಲಿದ್ದರು, ಎಷ್ಟು ಮಂದಿ ಗಾಯಗೊಂಡರು ಎಂಬುದು ತಿಳಿಯುತ್ತದೆ. ಸಿಪಾಯಿಗಳು ಊರಿಗೆ ಬರೆದ ಪತ್ರಗಳನ್ನು ಸರಕಾರ ಒಡೆದು ಓದಿ, ಕೆಲವನ್ನು ಅನುವಾದಿಸಿ ಇಟ್ಟುಕೊಂಡಿತ್ತು. ಆ ವರದಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ನಮ್ಮ ದೇಶದೊಳಗೆ ದಿಲ್ಲಿಯ ರಾಷ್ಟ್ರೀಯ ಅಭಿಲೇಖಾಲಯದಲ್ಲಿ ಸೇನಾ ಇಲಾಖೆಯ ಕಡತಗಳೂ, ಮುಂಬಯಿಯ ರಾಜ್ಯ ಅಭಿಲೇಖಾಲಯದಲ್ಲಿ ಹಳೆಯ ಪ್ರಾಂತದ ಕಡತಗಳೂ ಇವೆ. ಮರಾಠಾ ಪಲ್ಟನಿನವರಾದರೆ ಬೆಳಗಾವಿಯ ರೆಜಿಮೆಂಟಲ್ ಸೆಂಟರಿಗೆ ನಂಬರು ಸಮೇತ ಪತ್ರ ಬರೆಯುವುದು ಸರಿ.

ಸೆರೆಸಿಕ್ಕವರ ಚೀಟಿಗಳನ್ನು ಜಿನೀವಾದ ರೆಡ್‌ಕ್ರಾಸ್ ಸಮಿತಿ ಕಾಪಾಡಿಕೊಂಡು ಬಂದು, 2014ರಿಂದ ಅಂತರ್ಜಾಲದಲ್ಲಿ ಇರಿಸಿದೆ. ಜರ್ಮನಿಯ ವ್ಯೂನ್ಸ್‌ಡಾರ್ಫ್ ಶಿಬಿರದಲ್ಲಿದ್ದ ಭಾರತೀಯ ಸೆರೆಯಾಳುಗಳ ಮಾತನ್ನೂ ಹಾಡನ್ನೂ ಅಲ್ಲಿಯ ಪಂಡಿತರು ಧ್ವನಿಮುದ್ರಿಕೆಗಳಲ್ಲಿ ಹಿಡಿದಿಟ್ಟರು. ಆ ತಟ್ಟೆಗಳು ಬರ್ಲಿನ್ನಿನಲ್ಲಿ ಇಂದಿಗೂ ಇವೆ. ರೇಡಿಯೋದ ಮುಂದೆ ಕುಳಿತು ದೂರದ ದನಿ ಕೇಳುವ ನಮಗೆ ಇದರ ಬೆಲೆ ಬೇರೆಯಾಗಿ ಹೇಳಬೇಕಾಗಿಲ್ಲ.

ಇಷ್ಟೆಲ್ಲ ಏಕೆ ಎಂದು ಕೇಳುವವರಿಗೆ ಒಂದು ಸಂಗತಿ ಸಾಕು. ಫ್ರಾನ್ಸಿನಲ್ಲಿ ಮಡಿದ ಸಿಪಾಯಿಯ ಹೆಸರು ಕಲ್ಲಿನಮೇಲೆ ಬಂತು. ಬಸರಾದ ಸ್ಮಾರಕದಲ್ಲಿ ಭಾರತೀಯ ಅಧಿಕಾರಿಗಳ ಹೆಸರನ್ನಷ್ಟೇ ಕೆತ್ತಿ, ಉಳಿದವರನ್ನು ಪಲ್ಟನಿಗೆ ಇಂತಿಷ್ಟು ಜನ ಎಂದು ಬರಿಯ ಸಂಖ್ಯೆಯಲ್ಲಿ ಮುಗಿಸಿದರು. ಮಡಿದವರನ್ನು ಸ್ಮರಿಸುವಲ್ಲಿ ಭೇದವೆಣಿಸಲಾಯಿತೆಂದು ಸಮಾಧಿ ಆಯೋಗವೇ 2021ರ ವರದಿಯಲ್ಲಿ ಒಪ್ಪಿಕೊಂಡಿದೆ. ಕಲ್ಲು ಬಿಟ್ಟ ಹೆಸರನ್ನು ಇಷ್ಟು ದಿನ ಉಳಿಸಿದ್ದು ಮನೆಯ ಹಿರಿಯರ ಬಾಯಿ. ಈ ವಾರ ಅವರ ಬಳಿ ಕುಳಿತು ಹೆಸರು, ತಂದೆಯ ಹೆಸರು, ಊರು, ಪಲ್ಟನು, ಹೋದ ವರ್ಷ, ಈ ಐದನ್ನು ಒಂದು ಹಾಳೆಯಮೇಲೆ ಬರೆದು ಟ್ರಂಕಿನಲ್ಲಿಡಿರಿ. ಉಳಿದ ಹುಡುಕಾಟವನ್ನು ಮಕ್ಕಳು ಮೊಮ್ಮಕ್ಕಳಾದರೂ ಮುಂದುವರಿಸಿಯಾರು. ಆ ಹಾಳೆ ಇಲ್ಲದೆ ಅವರಿಗೆ ಆರಂಭವೇ ಸಿಗದು.