ಬೀಜದಿಂದ ಗ್ಲಾಡಿಯೋಲಸ್: ಬೇಗ ಹೂ ಕಾಣುವುದು ಹೇಗೆ?

ಉದ್ದನೆಯ ದಂಟಿನ ಮೇಲೆ ಕೆಳಗಿನಿಂದ ಮೇಲಕ್ಕೆ ಸಾಲಾಗಿ ಅರಳುವ ಗ್ಲಾಡಿಯೋಲಸ್ ಹೂವನ್ನು ನೀವು ಬೆಂಗಳೂರಿನ ಹೂವಿನಂಗಡಿಗಳಲ್ಲಿ ನೋಡಿರಬಹುದು. ಐರಿಸ್ ಮತ್ತು ಕೇಸರಿ ಗಿಡಗಳು ಸೇರಿರುವ ಇರಿಡೇಸೀ ಕುಟುಂಬದ ಸಸ್ಯವಿದು. ಅನೇಕ ಐರಿಸ್‌ಗಳು ಹೂ ಬಿಡಲು ಚಳಿಗಾಲದ ತಂಪನ್ನು ಬೇಡುತ್ತವೆ. ಗ್ಲಾಡಿಯೋಲಸ್‌ಗೆ ಬೆಂಗಳೂರಿನ ಹವೆ ಒಗ್ಗುತ್ತದೆ.

ಬಲಿತ ಗೆಡ್ಡೆಯನ್ನು ನೆಟ್ಟರೆ ಎರಡು-ಮೂರು ತಿಂಗಳಲ್ಲಿ ಹೂ ಬರುತ್ತದೆ. ಹಾಗಾದರೆ ಬೀಜ ಬಿತ್ತುವುದೇಕೆ? ಗೆಡ್ಡೆಯಿಂದ ಬೆಳೆದ ಗಿಡ ತಾಯಿಗಿಡದ ಪ್ರತಿರೂಪ. ಹೊಸ ಬಣ್ಣ ಅಥವಾ ರೋಗನಿರೋಧಕ ಗುಣ ಬೇಕಾದರೆ ಎರಡು ತಳಿಗಳನ್ನು ಸಂಕರಿಸಿ ಬೀಜ ಪಡೆಯಬೇಕು. ಇಂದಿನ ತೋಟದ ತಳಿಗಳಲ್ಲಿ ಹೆಚ್ಚಿನವು 60 ವರ್ಣತಂತುಗಳುಳ್ಳ ಚತುರ್ಗುಣಿತಗಳು. ಆದ್ದರಿಂದ ಒಂದೇ ಕಾಯಿಯ ಸಸಿಗಳಲ್ಲೂ ಬಹಳ ವೈವಿಧ್ಯವಿರುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಮೀರಾ, ಪೂನಂ, ನಜರಾನಾ, ಆರತಿ ಮುಂತಾದ ತಳಿಗಳು ಇಂತಹ ಸಂಕರಣ ಮತ್ತು ಆಯ್ಕೆಯ ಫಲ.

ಆದರೆ ಬೀಜದ ಸಸಿ ಹೂ ಬಿಡಲು ಸಾಮಾನ್ಯವಾಗಿ ಎರಡು-ಮೂರು ಹಂಗಾಮು ಬೇಕು. ಹೂ ನೋಡದೆ ಆಯ್ಕೆ ಸಾಧ್ಯವಿಲ್ಲ. ಈ ವಿಳಂಬಕ್ಕೆ ಎರಡು ಕಾರಣಗಳಿವೆ. ಗೆಡ್ಡೆಯಲ್ಲಿ ಸಾಕಷ್ಟು ಆಹಾರ ಸಂಗ್ರಹವಾಗದೆ ಹೂದಂಟು ಮೂಡದು. ಅಲ್ಲದೆ, ಎಲೆ ಒಣಗಿದ ಮೇಲೆ ಗೆಡ್ಡೆ ಕೆಲವು ತಿಂಗಳು ಸುಪ್ತಾವಸ್ಥೆಯಲ್ಲಿರುತ್ತದೆ.

ಹಾಗಾಗಿ ಮೊದಲ ಹಂಗಾಮಿನಲ್ಲೇ ಗೆಡ್ಡೆ ದಪ್ಪವಾಗುವಂತೆ ನೋಡಿಕೊಳ್ಳಬೇಕು. ಸುಮಾರು 20 ಸೆಂ.ಮೀ. ಆಳದ ಕುಂಡದಲ್ಲಿ ಕೆಂಪುಮಣ್ಣು, ಮರಳು, ಕಳಿತ ಗೊಬ್ಬರಗಳನ್ನು ಸಮನಾಗಿ ಬೆರೆಸಿ ತುಂಬಿರಿ. ರೆಕ್ಕೆಯಿರುವ ತೆಳು ಬೀಜಗಳನ್ನು ವಿರಳವಾಗಿ ಹರಡಿ, ಅರ್ಧ ಸೆಂ.ಮೀ. ಮಣ್ಣು ಮುಚ್ಚಿರಿ. ಹುಲ್ಲಿನಂತಹ ಸಸಿಗಳು ಬಂದ ಮೇಲೆ ಒತ್ತಾಗಿರುವಲ್ಲಿ ಬಿಡಿಸಿ ನೆಡಿರಿ. ಬಿಸಿಲು ಚೆನ್ನಾಗಿ ಬೀಳಲಿ. ತೇವ ಆರಬಾರದು, ನೀರೂ ನಿಲ್ಲಬಾರದು. ನಿಂತರೆ ಗೆಡ್ಡೆ ಕೊಳೆಯುತ್ತದೆ. ನೀರು, ಗೊಬ್ಬರ ತಪ್ಪದಿದ್ದರೆ ಎಲೆ ಹೆಚ್ಚು ಕಾಲ ಹಸಿರಾಗಿದ್ದು ಗೆಡ್ಡೆಗೆ ಆಹಾರ ಒದಗಿಸುತ್ತದೆ.

ಎಲೆ ತಾನಾಗಿ ಹಳದಿಯಾದ ಮೇಲೆ ಗೆಡ್ಡೆ ಕಿತ್ತು, ನೆರಳಿನಲ್ಲಿ ಒಣಗಿಸಿ ತಂಪಾದ ಕಡೆ ಇಡಬೇಕು. ಸುಮಾರು 4 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಕೆಲವು ವಾರ ಇಟ್ಟರೆ ಸುಪ್ತಾವಸ್ಥೆ ಬೇಗ ಮುರಿಯುತ್ತದೆ. ಹೀಗೆ ಪೋಷಿಸಿದ ಗೆಡ್ಡೆಗಳಲ್ಲಿ ದಪ್ಪನಾದವು ಎರಡನೆಯ ಹಂಗಾಮಿನಲ್ಲೇ ಹೂ ಬಿಡಬಹುದು.

ಶಾಲೆಯಲ್ಲಿ ಇದನ್ನು ಪ್ರಯೋಗವಾಗಿ ಮಾಡಬಹುದು. ಒಂದು ಕುಂಡದಲ್ಲಿ 10 ಬೀಜ, ಅಷ್ಟೇ ಗಾತ್ರದ ಇನ್ನೊಂದರಲ್ಲಿ 50 ಬೀಜ ಬಿತ್ತಿ, ಹಂಗಾಮಿನ ಕೊನೆಗೆ ಗೆಡ್ಡೆಗಳನ್ನು ತೂಗಿ ನೋಡಿ. ಯಾವ ಕುಂಡದ ಗಿಡ ಮೊದಲು ಹೂ ಬಿಡಬಹುದೆಂದು ವಿದ್ಯಾರ್ಥಿಗಳೇ ಊಹಿಸಲಿ. ಮುಂದಿನ ವರ್ಷ ಹೂವೇ ಉತ್ತರ ಹೇಳುತ್ತದೆ.